ಯಾರು ಎಲ್ಲಿದ್ದಾರೆ

ಮೈಸೂರಿನ ಯುವರಾಜ ಕಾಲೇಜಿನಲ್ಲಿ ಎಪ್ಪತ್ತರ ದಶಕದ ಕೊನೆಗೆ ಬಿ.ಎಸ್ಸಿ. ಓದಿದವರು ನಾವು. ಯಾರಾದರೂ ಇಬ್ಬರು ಸೇರಿದರೆ ‘ಮಿಕ್ಕವರೆಲ್ಲ ಎಲ್ಲಿದ್ದಾರೋ?’ ಎಂಬ ಮಾತು ಬಂದೇ ಬರುತ್ತದೆ. ಅದಕ್ಕೆ ಅವಸರದ ಉತ್ತರ ನನಗೆ ಹಿಡಿಸುವುದಿಲ್ಲ. ಕಾಫಿ ಬರಬೇಕು, ಅವರವರ ಮಕ್ಕಳ ವಿಷಯ ಆಗಬೇಕು, ಆಮೇಲೆ ಒಬ್ಬೊಬ್ಬರೇ ಮಾತಿನೊಳಗೆ ಬಂದು ಕೂರಬೇಕು.

ಮೊದಮೊದಲು ಸುದ್ದಿಯೆಂದರೆ ನೌಕರಿಯದು. ನೀಲಿ ಇನ್‌ಲ್ಯಾಂಡ್ ಪತ್ರದ ಮಡಿಕೆ ಅಂಚಿನವರೆಗೂ ಬರೆದಿರುತ್ತಿದ್ದರು: ಇಂಥವನಿಗೆ ಬ್ಯಾಂಕು, ಇಂಥವನಿಗೆ ಭದ್ರಾವತಿ ಕಾರ್ಖಾನೆಯ ಪ್ರಯೋಗಾಲಯ, ಇನ್ನೊಬ್ಬ ಮಾನಸಗಂಗೋತ್ರಿಯಲ್ಲೇ ಎಂ.ಎಸ್ಸಿ. ಆಮೇಲೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಗಳು, ನಾಮಕರಣ, ಗೃಹಪ್ರವೇಶ. ಈಗ ಮೊಣಕಾಲು ಮತ್ತು ಮೊಮ್ಮಕ್ಕಳು.

ಇವುಗಳಲ್ಲಿ ಕುದುರೆಮುಖದ ಗೆಳೆಯನ ಸಂಸಾರದ ಸುದ್ದಿಯೆಂದರೆ ನನಗೆ ಬೇರೆಯೇ ಅಕ್ಕರೆ. ಗಣಿ ಕಂಪನಿ ಶುರುವಾಗಿದ್ದು 1976ರಲ್ಲಿ. ಇವನು ಸ್ವಲ್ಪ ತಡವಾಗಿ ಹೋಗಿ ಸೇರಿದ. ಅವನ ಕಾಗದದ ತುಂಬ ಮಳೆ. ಅದಿರನ್ನು ನೀರಿನಲ್ಲಿ ಕಲಸಿ ಘಟ್ಟದ ಕೆಳಗಿನ ಮಂಗಳೂರಿಗೆ ಕೊಳವೆಯಲ್ಲೇ ಇಳಿಸುವ ಬಗೆಯನ್ನು ಅವನು ಚಿತ್ರ ಬರೆದು ವಿವರಿಸಿದ್ದ. ಹೆಂಡತಿ ಅಲ್ಲಿಯೇ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳಿಗೂ ಊರೆಂದರೆ ಆ ಕಾಲೊನಿಯೇ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಬೆಟ್ಟಸಾಲು ಅದು. ಕಾಡು ಉಳಿಯಲೇಬೇಕಿತ್ತು ಎಂದು ಇಂದಿಗೂ ನಂಬಿದ್ದೇನೆ. ಹಾಗೆಂದು ಅವನೂ ಒಪ್ಪುತ್ತಾನೆ. ಆದರೆ ಆ ಮಕ್ಕಳಿಗೆ ತಾವು ಆಡಿ ಬೆಳೆದ ಬೀದಿ ಖಾಲಿಯಾಗುತ್ತಾ ಹೋಯಿತಲ್ಲ, ಅದನ್ನು ಅವನ ಹೆಂಡತಿಯ ಬಾಯಲ್ಲಿ ಕೇಳುವಾಗ ಪ್ರತಿಸಲವೂ ಗಂಟಲು ಕಟ್ಟುತ್ತದೆ. ದೊಡ್ಡವಳು ಈಗ ಸಸ್ಯಶಾಸ್ತ್ರ ಕಲಿಸುತ್ತಾಳೆ, ವಿದ್ಯಾರ್ಥಿಗಳನ್ನು ಘಟ್ಟಕ್ಕೇ ಕರೆದೊಯ್ಯುತ್ತಾಳೆ ಎಂಬ ಸುದ್ದಿ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಅದನ್ನೇ ಹೇಳಿಕೊಂಡು ಓಡಾಡಿದೆ.

ಹುಡುಗಿಯರ ಸುದ್ದಿ ಮಾತ್ರ ಬಹುಕಾಲ ಸಿಗಲಿಲ್ಲ. ಹೆಚ್ಚಿನವರು ಮಹಾರಾಣಿ ಕಾಲೇಜಿಗೆ ಹೋಗುತ್ತಿದ್ದ ಕಾಲ; ನಮ್ಮಲ್ಲಿದ್ದವರೇ ಕೆಲವರು. ಹುಡುಗರನ್ನು ಅವರವರ ಊರಿನಲ್ಲಿ ವಿಚಾರಿಸಿದರೆ ಸಾಕು, ಯಾರಾದರೂ ದಾರಿ ತೋರಿಸುತ್ತಾರೆ. ಇವರಿಗೆ ಮದುವೆಯಾಯಿತೆಂದರೆ ಹೆಸರಿನ ಹಿಂದಿನ ಊರು ಹೋಯಿತು, ತಂದೆಯ ಹೆಸರಿನ ಅಕ್ಷರವೂ ಹೋಯಿತು. ಕೆಲವರಿಗೆ ಗಂಡನ ಮನೆಯಲ್ಲಿ ಹೆಸರನ್ನೇ ಹೊಸದಾಗಿ ಇಟ್ಟರು. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ರಸಾಯನಶಾಸ್ತ್ರ ಬಲ್ಲವಳು ಹೀಗೆ ಕಾಣದಾಗಿದ್ದಳು. ಇದು ನನಗೆ ತೀರ ಅನ್ಯಾಯವೆಂದೇ ತೋರುತ್ತದೆ.

ಅವಳು ಸಿಕ್ಕಿದ್ದು ನನ್ನ ಹೆಂಡತಿಯಿಂದ. ಹುಬ್ಬಳ್ಳಿಯ ಒಂದು ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ‘ನಿಮ್ಮ ಯಜಮಾನರು ಯುವರಾಜದವರಾ? ಯಾವ ವರ್ಷ?’ ಎಂದು ಕೇಳಿದರಂತೆ. ಹಾವೇರಿ ಸೀಮೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿದ್ದಳು. ಇಂದಿಗೂ ಸಂಜೆ ಅಂಗಳದಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಸಮೀಕರಣ ಸರಿದೂಗಿಸುವುದನ್ನು ಹೇಳಿಕೊಡುತ್ತಾಳೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ, ತವರಿಗೆ ಬಂದಾಗಲೆಲ್ಲ ಒಬ್ಬರಿಗೊಬ್ಬರು ಕಾಗದ ಬರೆದುಕೊಂಡು ನಮ್ಮ ತರಗತಿಯ ಹುಡುಗಿಯರೆಲ್ಲರ ಸಂಪರ್ಕ ಉಳಿದೇ ಇತ್ತು. ಒಬ್ಬಳು ನ್ಯೂಜೆರ್ಸಿಯಲ್ಲಿ ಮೊಮ್ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದಾಳೆ. ಒಬ್ಬಳು ಗಂಡ ತೀರಿಕೊಂಡ ಮೇಲೆ ಸಕಲೇಶಪುರದ ಕಾಫಿ ತೋಟವನ್ನು ತಾನೇ ನೋಡಿಕೊಂಡಳು, ಸಾಲವನ್ನೂ ತೀರಿಸಿದಳು. ಇಷ್ಟೂ ಅವಳಿಂದಲೇ, ಫೋನಿನಲ್ಲಿ, ಒಂದು ಇಡೀ ಮಧ್ಯಾಹ್ನ.

ನಾಗಮಂಗಲದ ಕಡೆಯವಳೊಬ್ಬಳ ವಿಳಾಸ ಮಾತ್ರ ಅವಳಿಗೂ ತಪ್ಪಿಹೋಗಿದೆ. ಅಣ್ಣನದು ಬಸ್ ನಿಲ್ದಾಣದ ಹತ್ತಿರ ಬಟ್ಟೆ ಅಂಗಡಿ ಇತ್ತಂತೆ. ಕುದುರೆಮುಖದವನು ಮುಂದಿನ ವಾರ ಆದಿಚುಂಚನಗಿರಿಗೆ ಹೋಗುವವನಿದ್ದಾನೆ. ದಾರಿಯಲ್ಲಿ ಇಳಿದು ವಿಚಾರಿಸುತ್ತೇನೆ ಎಂದಿದ್ದಾನೆ.