ಹದಿನಾರು ತೂತು

ಡ್ರಿಲ್ ಕೈಯಲ್ಲಿ ಹಿಡಿದು ಅರ್ಧ ಗಂಟೆಯಿಂದ ಸುಮ್ಮನೆ ನಿಂತಿದ್ದೆ. ಮೇಜಿನ ಮೇಲೆ ಹೊಸ ಸ್ಕೀ ಜೋಡಿ. ಅದರ ಬೆಲೆ ಎಷ್ಟಂತ ಊರಲ್ಲಿ ಇನ್ನೂ ಹೇಳಿಲ್ಲ, ಹೇಳೋದೂ ಇಲ್ಲ. ಅಂಗಡಿಯಲ್ಲಿ ಬೈಂಡಿಂಗ್ ಕೂರಿಸಿಕೊಡೋಕೆ ಎರಡು ವಾರ ಕಾಯಬೇಕಿತ್ತು. ನಾನೇ ಮಾಡ್ತೀನಿ ಅಂತ ಮನೆಗೆ ಹೊತ್ತು ತಂದೆ. ಒಂದು ಸ್ಕೀಗೆ ಎಂಟು, ಎರಡಕ್ಕೆ ಹದಿನಾರು ತೂತು. ತಪ್ಪಿದರೆ ಮುಚ್ಚಿ, ಅದರ ಪಕ್ಕ ಜಾಗ ಬಿಟ್ಟು ಮತ್ತೆ ಕೊರೆಯಬೇಕು.

ನಾನು ಅಫಜಲಪುರ ತಾಲೂಕಿನ ಭೀಮಾ ದಂಡೆಯವನು. ಬೇಸಿಗೆಯಲ್ಲಿ 43 ಡಿಗ್ರಿ ಬಿಸಿಲು, ಕಪ್ಪು ಮಣ್ಣು ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಊರು. ಕೆಲಸ ಸಾಲ್ಟ್ ಲೇಕ್ ಸಿಟಿಗೆ ತಂದು ಹಾಕಿತು. ಇಲ್ಲಿ ಚಳಿಗಾಲದಲ್ಲಿ ಹಿಮದ ಮೇಲೆ ಜಾರದವನನ್ನು ಸಹೋದ್ಯೋಗಿಗಳು ಕನಿಕರದಿಂದ ನೋಡ್ತಾರೆ. ಕಲಿತೆ. ಆಮೇಲೆ ಲಿಫ್ಟಿನ ಸಾಲಿನಲ್ಲಿ ನಿಂತು ನಿಂತು ಬೇಜಾರಾಗಿ, ಲಿಫ್ಟೇ ಇಲ್ಲದ ಗುಡ್ಡಗಳನ್ನು ಕಾಲಲ್ಲೇ ಹತ್ತಿ ಇಳಿಯುವ ಹುಚ್ಚು ಹತ್ತಿತು.

ಅದಕ್ಕೆ ಬೇರೆಯದೇ ಬೈಂಡಿಂಗ್ ಬೇಕು. ಹತ್ತುವಾಗ ಹಿಮ್ಮಡಿ ಎದ್ದು ಕೂರಬೇಕು, ಇಳಿಯುವಾಗ ಬಿಗಿಯಾಗಬೇಕು, ಬಿದ್ದಾಗ ಬೂಟನ್ನು ಬಿಟ್ಟುಕೊಡಬೇಕು; ಇಲ್ಲದಿದ್ದರೆ ಮೊಣಕಾಲು ಹೋಯಿತು. 1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ ಎಂಬಾತ ಇದಕ್ಕೊಂದು ಉಪಾಯ ಕಂಡುಹಿಡಿದ. ಬೂಟಿನ ತುದಿಯ ಎರಡೂ ಪಕ್ಕ ಚಿಕ್ಕ ಗುಳಿ, ಆ ಗುಳಿಗೆ ಕೂರುವ ಎರಡು ಮೊಳೆ, ಅಷ್ಟೇ. ಅಷ್ಟು ಚಿಕ್ಕದಾದ್ದರಿಂದಲೇ ಅಳತೆಯಲ್ಲಿ ದಾಕ್ಷಿಣ್ಯ ಇಲ್ಲ. ನನ್ನ ಬೈಂಡಿಂಗ್‌ನಲ್ಲಿ ಹಿಮ್ಮಡಿಗೂ ಹಿಂದಿನ ತುಂಡಿಗೂ ನಡುವೆ 4 ಮಿ.ಮೀ. ಸಂದು ಇರಬೇಕು. ಹಿಂದಿನದು ಒಂದಿಷ್ಟು ಪಕ್ಕಕ್ಕೆ ಸರಿದರೂ ಬೂಟು ನೆಟ್ಟಗೆ ಕೂರೋದಿಲ್ಲ.

ತಯಾರಿ ಸರಿಯಾಗೇ ಮಾಡಿದ್ದೆ. ಸ್ಕೀ ಉದ್ದಕ್ಕೂ ಟೇಪ್ ಅಂಟಿಸಿ ನಟ್ಟನಡುವೆ ಗೆರೆ ಎಳೆದೆ. ಬೂಟಿನ ಮೇಲಿನ ಮಧ್ಯದ ಗುರುತನ್ನು ಸ್ಕೀ ಮೇಲಿನ ಗುರುತಿಗೆ ಹೊಂದಿಸಿದೆ. ತೂತಿನ ನಕ್ಷೆಯನ್ನು ಆಫೀಸಿನಲ್ಲಿ ಪ್ರಿಂಟ್ ತೆಗೆದು ಅಂಟಿಸಿ, ಮೊಳೆಯಿಂದ ಎಂಟು ಚುಕ್ಕಿ ಕುಟ್ಟಿದೆ. ಇನ್ನು ಕೊರೆಯೋದೊಂದೇ ಬಾಕಿ. ಕೈ ಏಳಲಿಲ್ಲ.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಇಲ್ಲಿ ರಾತ್ರಿ ಎಂಟೂವರೆ, ಅಲ್ಲಿ ಬೆಳಿಗ್ಗೆ ಒಂಬತ್ತು.

ಅಪ್ಪ ಬಡಿಗ. ಮಿರಗ ಮಳೆ ಹತ್ತಿರ ಬಂತೆಂದರೆ ನಮ್ಮ ಮನೆ ಮುಂದೆ ಕೂರಿಗೆಗಳ ಸಾಲು ನಿಲ್ಲುತ್ತಿತ್ತು. ಹೊಳೆಯಾಚೆಯ ಜೇವರ್ಗಿ ಕಡೆಯವರೂ ಬರ್ತಿದ್ದರು, ಆಳಂದ ಕಡೆಯಿಂದಲೂ. ಜಾಲಿ ಕಟ್ಟಿಗೆಯ ದಿಂಡಿಗೆ ಬೈರಿಗೆಯಿಂದ ತೂತು ಕೊರೆದು ತಾಳು ಕೂರಿಸಬೇಕು. ತಾಳುಗಳ ನಡುವಿನ ಅಂತರ ತಪ್ಪಿದರೆ ಸಾಲು ತಪ್ಪುತ್ತೆ. "ನಾ ಕೊರ್ದ ತೂತು ತೊಗರಿ ಎದ್ದಾಗ ಊರಿಗೆಲ್ಲಾ ಕಾಣ್ತದ" ಅಂತಿದ್ದ. ನನಗೆ ಮಾತ್ರ ಬೈರಿಗೆ ಮುಟ್ಟಗೊಡಲಿಲ್ಲ. ಕೈ ಚಾಚಿದರೆ ಮೊಣಕೈಯಿಂದ ಸರಿಸಿ, "ಹೋಗು, ಓದು" ಅನ್ನುತ್ತಿದ್ದ. ಓದಿದೆ. ಆಮೇಲೆ ಟ್ರ್ಯಾಕ್ಟರ್ ಬಂತು, ಕಬ್ಬಿಣದ ಕೂರಿಗೆ ಬಂತು. ಮನೆ ಮುಂದಿನ ಸಾಲು ಕರಗಿತು. ಬೈರಿಗೆ ಈಗ ಪಡಸಾಲೆಯ ಗೂಟಕ್ಕೆ ತೂಗ್ತದೆ. ಮೂವತ್ತನಾಲ್ಕನೇ ವಯಸ್ಸಿಗೆ ನಾನು ಮೊದಲ ಬಾರಿ ಕಟ್ಟಿಗೆಗೆ ತೂತು ಹಾಕೋಕೆ ಹೊರಟಿದ್ದೆ, ಅದೂ ಆಟಕ್ಕೆ. ಅಪ್ಪನಿಗೆ ಹೇಳಲು ಸ್ವಲ್ಪ ನಾಚಿಕೆಯೇ ಆಯಿತು.

"ಕಟಗಿ ಯಾವ್ದು?" ಇದು ಮೊದಲ ಪ್ರಶ್ನೆ.

"ಒಳಗ ಪಾಪ್ಲರ್ ಅಂತ ಅದ ಅಪ್ಪಾ, ಹಗುರ ಕಟಗಿ. ಮ್ಯಾಲ ಪ್ಲಾಸ್ಟಿಕ್."

"ಎಷ್ಟು ಆಳ?"

"ಒಂಬತ್ತು ಮಿಲ್ಲಿ."

"ಒಂಬತ್ತಕ್ಕ ನಿಂತದಂತ ನಿನಗ ಹ್ಯಾಂಗ ಗೊತ್ತಾಗ್ತದ?"

3.6 ಮಿ.ಮೀ. ಬಿಟ್‌ಗೆ ಒಂಬತ್ತು ಅಳೆದು ಸುತ್ತಿದ್ದ ಕೆಂಪು ಟೇಪ್ ತೋರಿಸಿದೆ. ಅಪ್ಪ ನಕ್ಕ. ಅವನು ಬೈರಿಗೆಗೆ ದಾರ ಸುತ್ತುತ್ತಿದ್ದ. ನಾನು ನೋಡಿದ್ದು ನೆನಪಿಲ್ಲ, ಕೈ ಹೆಂಗೆ ಕಲಿತಿತ್ತೋ.

"ಗುರ್ತು ಹ್ಯಾಂಗ ಮಾಡೀದಿ?"

"ಕಾಗದ ಇಟ್ಟು."

"ಕಾಗದ ಇರ್ಲಿ. ಸಾಮಾನೇ ಗುರ್ತಿನ ಮ್ಯಾಲ ಇಟ್ಟು ತೋರ್ಸು."

ಮುಂದಿನ ತುಂಡು ಇಟ್ಟೆ. ಎರಡು ತೂತಿಗೆ ಚುಕ್ಕಿ ಸರಿಯಾಗಿ ಕಂಡವು. ಹಿಂದಿನ ಎರಡರಲ್ಲಿ ಚುಕ್ಕಿಯೇ ಇಲ್ಲ. ತುಂಡು ಹಿಂದೆ ಸರಿಸಿದರೆ ಮುಂದಿನವು ಮಾಯ. ಮೈ ಜುಮ್ಮೆಂದಿತು. ಆ ಕಾಗದದ ಮೂಲೆಯಲ್ಲಿ 100 ಮಿ.ಮೀ. ಅಂತ ಬರೆದ ಒಂದು ಗೆರೆ ಇತ್ತು, ಪ್ರಿಂಟ್ ಸರಿಯಿದೆಯಾ ಅಂತ ನೋಡೋಕೆ ಅಂತಲೇ ಕೊಟ್ಟದ್ದು. ಅಳೆದೆ: 94. ನಕ್ಷೆ ಎ4 ಅಳತೆಯದು, ಇಲ್ಲಿಯ ಪ್ರಿಂಟರ್‌ನಲ್ಲಿ ಲೆಟರ್ ಕಾಗದ. ಪ್ರಿಂಟರ್ ನನ್ನನ್ನು ಕೇಳದೆ ಕುಗ್ಗಿಸಿಬಿಟ್ಟಿತ್ತು. ದಿನಾ ಇಡೀ ಬೇರೆಯವರ ಕೋಡ್‌ನಲ್ಲಿ ಇಂಥದ್ದೇ ತಪ್ಪು ಹುಡುಕಿ ಸಂಬಳ ತಗೊಳ್ಳೋನು ನಾನು!

ಅಪ್ಪ ಬೈಯಲಿಲ್ಲ. "ಇನ್ನಾ ಕೊರ್ದಿಲ್ಲಲ್ಲ. ಟೇಪ್ ಕಿತ್ತು ಹೊಸಾದು ಹಚ್ಚು. ಬೂಟು ಇಟ್ಟು, ಸಾಮಾನು ಇಟ್ಟು ಗುರ್ತು ಮಾಡು" ಅಂದ. ಸಂತೆಗೆ ಹೋಗೋದಿತ್ತಂತೆ, ಹೋಗಲಿಲ್ಲ. ಹದಿನಾರನೇ ತೂತಿನವರೆಗೂ ಫೋನ್ ಹಿಡಿದು ಕೂತ. ನಡುನಡುವೆ "ನೆಟ್ಟಗ ಹಿಡಿ", "ಒತ್ತಬ್ಯಾಡ, ಅದೇ ಇಳೀತದ." ಪ್ರತಿ ತೂತಿಗೆ ಒಂದು ಹನಿ ಅಂಟು ಬಿಟ್ಟು ಸ್ಕ್ರೂ ಬಿಗಿದೆ. ಅಂಟು ಸ್ಕ್ರೂ ಹಿಡಿಯೋದಷ್ಟೇ ಅಲ್ಲ, ಹಿಮದ ನೀರು ಒಳಗಿನ ಕಟ್ಟಿಗೆಗೆ ಇಳಿಯದಂತೆಯೂ ತಡೀತದೆ.

ಸ್ಕಿನ್ ಕೆಲಸ ಮರುದಿನ. ಹೆಸರಿಗೆ ಚರ್ಮ. ಹಿಂದೆ ನಿಜಕ್ಕೂ ಸೀಲ್ ಪ್ರಾಣಿಯ ಚರ್ಮ ಕಟ್ಟುತ್ತಿದ್ದರು. ಈಗ ನೈಲಾನ್ ಅಥವಾ ಅಂಗೋರಾ ಮೇಕೆಯ ಕೂದಲಿನ ಪಟ್ಟಿ, ಹಿಂಬದಿಗೆ ಅಂಟು. ಹತ್ತುವಾಗ ಸ್ಕೀ ತಳಕ್ಕೆ ಅಂಟಿಸೋದು, ಮೇಲೆ ಹೋದಮೇಲೆ ಕಿತ್ತು ಮಡಚಿಡೋದು. ಎತ್ತಿನ ಬೆನ್ನ ಮೇಲೆ ಕೈಯಾಡಿಸಿ ನೋಡಿ: ಬಾಲದ ಕಡೆಗೆ ನುಣ್ಣಗೆ ಹೋಗ್ತದೆ, ತಲೆಯ ಕಡೆಗೆ ತಡೀತದೆ. ಸ್ಕಿನ್ ಕೂದಲೂ ಸ್ಕೀ ಬಾಲದ ಕಡೆಗೇ ಮಲಗಬೇಕು. ಆಗಲೇ ಮುಂದೆ ಜಾರಿ, ಹಿಂದೆ ಕಚ್ಚಿ ಹಿಡಿಯೋದು. ಅಗಲವಾದ ಪಟ್ಟಿಯನ್ನು ಅಂಟಿಸಿ, ಅಂಚಿಗೆ ಸರಿಯಾಗಿ ಕತ್ತರಿಸಿ, ಎರಡೂ ಬದಿಯ ಉಕ್ಕಿನ ಅಂಚನ್ನು ಬಯಲು ಬಿಡಬೇಕು. ಗಟ್ಟಿ ಹಿಮದ ಇಳಿಜಾರಿನಲ್ಲಿ ಅಡ್ಡ ನಡೆಯುವಾಗ ಆ ಅಂಚೇ ಆಧಾರ. ಅಂಟು ಬದಿ ಮೇಲೆ ಮಾಡಿ ಇಡೋದು ಬಿಟ್ಟು ಕಾರ್ಪೆಟ್ ಮೇಲೆ ಬೋರಲು ಹಾಕಿದ್ದೆ. ಒಂದು ಸಂಜೆಯೆಲ್ಲಾ ಎಳೆ ಆರಿಸೋದಾಯಿತು.

ಶನಿವಾರ ಬೆಳಿಗ್ಗೆ ಯೂಟಾ ಅವಲಾಂಚ್ ಸೆಂಟರ್‌ನ ದಿನದ ವರದಿ ಓದಿ, ಹಿಮಕುಸಿತದ ಅಪಾಯ ಕಡಿಮೆ ಅಂತ ಖಾತ್ರಿ ಮಾಡಿಕೊಂಡು, ಗೆಳೆಯನೊಬ್ಬನ ಜೊತೆ ಆಲ್ಟಾ ಪಕ್ಕದ ಗ್ರಿಜ್ಲಿ ಗಲ್ಚ್‌ಗೆ ಹೊರಟೆ. ಇಬ್ಬರ ಹತ್ತಿರವೂ ಟ್ರಾನ್ಸ್‌ಸೀವರ್, ಸಲಿಕೆ, ಹಿಮದಲ್ಲಿ ಚುಚ್ಚಿ ಹುಡುಕುವ ಕೋಲು. ಹತ್ತುವಾಗ ನಾನು ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಸ್ಕ್ರೂ ನೋಡ್ತಿದ್ದೆ. ಗೆಳೆಯ ಏನೂ ಅನ್ನಲಿಲ್ಲ, ಪುಣ್ಯಾತ್ಮ.

ಇಳಿದಮೇಲೆ ತಿರುಗಿ ನಮ್ಮ ಜಾಡಿನ ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. ಬಿಳಿ ಗುಡ್ಡದ ಮೇಲೆ ಎರಡೆರಡು ಗೆರೆ. ರಾತ್ರಿ ಫೋನ್ ಬಂತು.

"ಎರಡು ತಾಳಿನ ಕೂರಿಗಿ ಹೊಡ್ದಂಗ ಅದಲ್ಲೋ. ಎಡಗಡೀದು ನಡುವ ಯಾಕ ಸೊಟ್ಟ ಹೋಗ್ಯಾದ?"

"ಅದು ತೂತಿಂದಲ್ಲಪಾ. ಅಲ್ಲಿ ನಾ ಬಿದ್ದೆ."

"ಬಿದ್ದಾಗ ಬೂಟು ಬಿಡ್ತೇನು?"

"ಬಿಡ್ತು."

"ಸ್ಕ್ರೂ?"

"ಹದಿನಾರೂ ಅಲ್ಲೇ ಅದಾವ."

"ಸರಿ. ಉಣ್ಣು ಹೋಗು."