ನೂಲಿನ ನರಗಳು

ನಾನು ವೈದ್ಯಶಾಸ್ತ್ರವನ್ನು ಓದಿದವನಲ್ಲ. ಪ್ರೌಢಶಾಲೆಯ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತನಾದವನು. ಆದರೂ ವೈದ್ಯವಿದ್ಯಾರ್ಥಿನಿಯೊಬ್ಬಳು ಮನೆಯಲ್ಲಿಯೇ ಕುಳಿತು ಪಾಠ ಕಲಿತ ಬಗೆಯನ್ನು ಎಂಟು ತಿಂಗಳು ಕಣ್ಣಾರೆ ಕಂಡೆನಾದ್ದರಿಂದ, ಆ ಸಂಗತಿಯನ್ನು ವಾಚಕರ ಮುಂದಿಡುವ ಧೈರ್ಯಮಾಡಿದ್ದೇನೆ.

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ಶಾಲೆ ಕಾಲೇಜುಗಳೆಲ್ಲ ಬಾಗಿಲು ಮುಚ್ಚಲು, ನನ್ನ ತಂಗಿಯ ಮಗಳು ಗೋವಿನಕೋವಿಯ ನಮ್ಮ ಮನೆಗೆ ಬಂದಳು. ಹಿಂದಿನ ವರ್ಷವಷ್ಟೇ ಎಂ.ಬಿ.ಬಿ.ಎಸ್. ತರಗತಿಗೆ ಸೇರಿದ್ದಳು. ವೈದ್ಯಶಿಕ್ಷಣಕ್ಕೆ ಹೊಸ ಪಠ್ಯಕ್ರಮವು ಬಂದದ್ದೂ ಆ 2019ರಲ್ಲಿಯೇ. ಕೇಳಿ ತಿಳಿಯುವುದಕ್ಕಿಂತ ಮಾಡಿ ತಿಳಿಯುವುದೇ ಮುಖ್ಯವೆಂಬುದು ಅದರ ಆಶಯ. ವಿಧಿವಿಲಾಸವನ್ನು ನೋಡಿ! ಆ ಕ್ರಮದ ಮೊದಲನೆಯ ತಂಡದವರೇ ಕೈಯಿಂದ ಮುಟ್ಟಲು ಏನೂ ಇಲ್ಲದೆ, ಅಂಗೈಯಗಲದ ಮೊಬೈಲಿನಲ್ಲಿ ಅಂಗರಚನಾಶಾಸ್ತ್ರವನ್ನು ಕಲಿಯಬೇಕಾಯಿತು.

ನಮ್ಮ ಮನೆಯಲ್ಲಿ ಸಿಗ್ನಲ್ಲು ಸಿಕ್ಕುವುದು ಮಾಳಿಗೆಯ ಒಂದು ಮೂಲೆಯಲ್ಲಿ ಮಾತ್ರ. ಮೊದಮೊದಲು ಹುಡುಗಿ ಏಪ್ರಿಲಿನ ಬಿಸಿಲಿನಲ್ಲಿಯೂ ಛತ್ರಿ ಹಿಡಿದು ಅಲ್ಲಿಯೇ ಕುಳಿತಿರುವಳು. ಬರಬರುತ್ತ ಹಾಜರಿ ಹೇಳಿ, ಮೊಬೈಲನ್ನು ಅಲ್ಲಿಯೇ ನೆರಳಿಗಿಟ್ಟು, ಕೆಳಗೆ ಬಂದು ಮಲಗತೊಡಗಿದಳು. ಮೇಷ್ಟ್ರ ಸ್ವಭಾವ ಎಲ್ಲಿಗೆ ಹೋದೀತು? “ನಿಮ್ಮಪ್ಪ ಸಾಲಮಾಡಿ ಓದಿಸುವುದು ಈ ನಿದ್ರೆಗೇನೆ?” ಎಂದು ಗದರಿದೆ. ಅವಳು ಅತ್ತಳು. ಆಮೇಲೆ, “ಮಾವ, ತರಗತಿಯಲ್ಲಿ ನೂರೈವತ್ತು ಮಂದಿ ಇದ್ದೇವೆ. ನಾನು ಇದ್ದೇನೋ ಇಲ್ಲವೋ ಅಲ್ಲಿ ಯಾರಿಗೂ ತಿಳಿಯುವುದಿಲ್ಲ” ಎಂದಳು.

ಆ ಮಾತು ನನಗೇ ನಾಟಿತು. ಕಡೆಯ ಬೆಂಚಿನ ಎಷ್ಟು ಹುಡುಗರ ಹೆಸರನ್ನು ನಾನು ಹಾಜರಿ ಪುಸ್ತಕದ ಹೊರಗೆ ಎಂದಾದರೂ ಕರೆದಿದ್ದೆ? ನನ್ನ ತರಗತಿಯಲ್ಲಿ ಸಿಗ್ನಲ್ಲಿನ ತೊಂದರೆಯೂ ಇರಲಿಲ್ಲ.

ಜೂನಿನಲ್ಲಿ ಬೇರೊಬ್ಬ ಉಪಾಧ್ಯಾಯಿನಿಯ ಪಾಠವು ಮೊದಲಾಯಿತು. ಆಕೆ ದಿನಕ್ಕೆ ಹತ್ತು ಮಂದಿಯನ್ನು ಹೆಸರು ಹಿಡಿದು ಪ್ರಶ್ನಿಸುವರು. ಕುತ್ತಿಗೆಯಿಂದ ತೋಳಿಗಿಳಿಯುವ ನರಜಾಲವನ್ನು ಮನೆಯಲ್ಲಿ ಸಿಕ್ಕ ವಸ್ತುವಿನಿಂದ ಮಾಡಿ ತೋರಿಸಿರೆಂದರು. ಅಂದು ನನ್ನ ಮನೆಯವಳ ಹೊಲಿಗೆಯ ಪೆಟ್ಟಿಗೆ ಬರಿದಾಯಿತು. ಐದು ಬೇರುಗಳು ಕೂಡಿ ಮೂರು ಕಾಂಡ. ಅವು ಒಡೆದು ಆರು ಕವಲು. ಮತ್ತೆ ಕೂಡಿ ಮೂರು ಹುರಿ. ಕಡೆಗೆ ಐದು ನರ. ಬಣ್ಣಬಣ್ಣದ ನೂಲನ್ನು ಹಲಗೆಯ ಮೇಲೆ ಮೊಳೆ ಹೊಡೆದು ಕಟ್ಟಿ, ರಾತ್ರಿ ಹನ್ನೊಂದು ಗಂಟೆಗೆ ನನ್ನನ್ನು ಎಬ್ಬಿಸಿ ಒಪ್ಪಿಸಿದಳು. ಸುಶ್ರುತಸಂಹಿತೆಯಲ್ಲಿ ಛೇದನವನ್ನು ಕುಂಬಳ, ಸೋರೆ, ಸೌತೆಗಳ ಮೇಲೂ, ಹೊಲಿಗೆಯನ್ನು ದಪ್ಪ ಬಟ್ಟೆ, ಮೆದು ಚರ್ಮಗಳ ಮೇಲೂ ಶಿಷ್ಯರು ಅಭ್ಯಾಸಮಾಡಬೇಕೆಂಬ ವಿಧಿಯಿರುವುದನ್ನು ಹೇಳಿದೆ. “ಹಾಗಾದರೆ ನಮ್ಮ ಮೇಡಮ್ಮು ಹೊಸದಾಗಿ ಏನೂ ಮಾಡಲಿಲ್ಲ” ಎಂದು ನಕ್ಕಳು. ಆ ವಾರದಿಂದ ಹಗಲುನಿದ್ರೆಯನ್ನು ನಾನು ಕಾಣಲಿಲ್ಲ. ಸಿಗ್ನಲ್ಲು ಮಾತ್ರ ಮೊದಲಿನಂತೆಯೇ ಇತ್ತು.

ಡಿಸೆಂಬರಿನಲ್ಲಿ ಕಾಲೇಜು ತೆರೆಯಿತು. ಬಿಟ್ಟುಹೋಗಿದ್ದ ಶವಚ್ಛೇದನದ ಪಾಠ ನಡೆದ ಸಂಜೆ ದೂರವಾಣಿಯಲ್ಲಿ ಅವಳ ದನಿ ಕುಗ್ಗಿತ್ತು. “ಮಾವ, ಅಲ್ಲಿ ಬಣ್ಣವೇ ಇಲ್ಲ. ಎಲ್ಲವೂ ಒಂದೇ ಬಿಳಿಚು, ಕೊಬ್ಬಿನೊಳಗೆ ಹುದುಗಿರುತ್ತದೆ. ನನಗೆ ಒಂದು ನರವೂ ಸಿಕ್ಕಲಿಲ್ಲ.” ಏನು ಹೇಳಬೇಕೋ ನನಗೆ ತೋಚಲಿಲ್ಲ. ಮೂರನೆಯ ದಿನ ತಾನೇ ಕರೆದು, ಬೆರಳಿನಿಂದ ತಡವಿ ಎರಡನ್ನು ಬಿಡಿಸಿದೆನೆಂದಳು.

ಈಗ ಅವಳು ವೈದ್ಯೆ. ಕಳೆದ ದೀಪಾವಳಿಗೆ ಬಂದಾಗ ಅಟ್ಟದಿಂದ ಆ ಹಲಗೆಯನ್ನು ಇಳಿಸಿದಳು. ನೀಲಿಯ ನೂಲನ್ನು ಇಲಿ ಕಡಿದಿತ್ತು. “ರೇಡಿಯಲ್ ನರ ಹೋಯಿತು, ಮಾವ” ಎಂದು ತನ್ನ ಮಣಿಕಟ್ಟನ್ನು ಜೋತುಬಿಟ್ಟು ತೋರಿಸಿ, ಸೂಜಿಗಾಗಿ ಒಳಗೆ ಹೋದಳು.