ಬೆರಳು ಓದಿದ ಕಥೆ

ಕೊರಿಯದ ವೆಬ್‌ಟೂನ್ ಎಂಬ ಚಿತ್ರಕಥೆಗೆ ಪುಟಗಳಿಲ್ಲ. ಮೊಬೈಲಿನ ಪರದೆಯನ್ನು ಮೇಲಕ್ಕೆ ಸರಿಸುತ್ತ ಓದಬೇಕು. ‘ದಿ ಗಾಡ್ ಆಫ್ ಹೈಸ್ಕೂಲ್’ ಕಥೆಯನ್ನು ನಾನು ಹಾಗೆಯೇ ಓದಿದೆನು. ಎರಡು ಚಿತ್ರಗಳ ನಡುವಣ ಬರಿದಾದ ಜಾಗವೇ ಅಲ್ಲಿ ಮೌನ. ಆ ಮೌನ ಎಷ್ಟು ಹೊತ್ತಿರಬೇಕೆಂಬುದನ್ನು ನನ್ನ ಬೆರಳೇ ನಿರ್ಧರಿಸುತ್ತಿತ್ತು. 2020ರಲ್ಲಿ ಜಪಾನಿನ ಮಾಪ್ಪಾ ಸಂಸ್ಥೆಯು ಅದನ್ನು ಅನಿಮೆಯಾಗಿ, ಎಂದರೆ ಚಲಿಸುವ ಚಿತ್ರಮಾಲಿಕೆಯಾಗಿ, ರೂಪಿಸಿತು. ಹೊಡೆದಾಟಗಳೇನೋ ಕಣ್ಣು ಕೋರೈಸುವಂತಿದ್ದವು. ಆದರೆ ನೂರಕ್ಕೂ ಮಿಕ್ಕ ಅಧ್ಯಾಯಗಳನ್ನು 13 ಕಂತುಗಳಲ್ಲಿ ತುರುಕಿದ್ದರಿಂದ, ಮೂವರು ಗೆಳೆಯರ ಸ್ನೇಹ ಬಲಿಯುವ ಮೊದಲೇ ಮುಂದಿನ ಕಾಳಗ ಬಂದೊದಗುತ್ತಿತ್ತು. 2024ರಲ್ಲಿ ಬಂದ ‘ಸೋಲೋ ಲೆವೆಲಿಂಗ್’ ಅನಿಮೆಯ ಮೊದಲ 12 ಕಂತುಗಳು ಸುಮಾರು 45 ಅಧ್ಯಾಯಗಳಿಗೇ ತೃಪ್ತಿಪಟ್ಟವು. ದುರ್ಬಲನಾದ ನಾಯಕನು ಬೃಹತ್ ವಿಗ್ರಹಗಳೆದುರು ನಡುಗುವಾಗ ಚಿತ್ರವೂ ಅವನೊಡನೆ ಉಸಿರು ಬಿಗಿಹಿಡಿದು ನಿಲ್ಲುತ್ತದೆ. ಆಗ ನನಗೆ ನನ್ನ ಬೆರಳಿನ ನೆನಪೇ ಬರಲಿಲ್ಲ.